ಅಮೆರಿಕದ ಕೋಟಿನ ಎಡತೋಳು

ದರ್ಜಿ ಪಂಢರಿನಾಥ ಹೊಲಿದ ಕೋಟಿಗೆ ಎಡತೋಳು ಅರ್ಧ ಇಂಚು ಗಿಡ್ಡ. ಅದು ತಿಪಟೂರಿಗೆಲ್ಲ ಗೊತ್ತು.

ಒಂದು ದಿನ ಅಂಗಡಿ ಮಾಲೀಕರಾದ ವಕೀಲ ಆರಾಧ್ಯರು ಪದಕ ಸಮೇತ ಒಂದು ಮಾಸಿದ ಮಿಲಿಟರಿ ಕೋಟು ತಂದರು.

"ಮಹಾಯುದ್ಧದಲ್ಲಿ ಅಮೆರಿಕದ ಸೈನಿಕ ತೊಟ್ಟಿದ್ದು ಕಣೋ! ಬಿಚ್ಚಿದ ಕಾಲರ್ ಹೊಲಿ. ಅದೇ ದಾರ, ಅದೇ ಹೊಲಿಗೆ ಇರಬೇಕು. ವ್ಯತ್ಯಾಸ ಕಂಡರೆ ಅಂಗಡಿ ಖಾಲಿ ಮಾಡಿಸ್ತೀನಿ!"

ಪಂಢರಿನಾಥ ತೋಳುಗಳನ್ನು ಅಳೆದ. ಹಣೆ ಚಚ್ಚಿಕೊಂಡ. ಕಾಲು ಗಂಟೆಯಲ್ಲಿ ಹೊಲಿದುಕೊಟ್ಟ.

ಆರಾಧ್ಯರು ಭೂತಗನ್ನಡಿ ಹಿಡಿದು ಬೆರಗಾದರು. "ಅದೇ ದಾರ! ಅದೇ ಕೈ! ಹೇಗೋ?"

"ಹೋದ ವರ್ಷ ನಾಟಕದವರಿಗೆ ಇದನ್ನ ಹೊಲಿದಾಗ ದಾರ ಉಳಿದಿತ್ತು ಸ್ವಾಮಿ. ಎಡತೋಳು ನೋಡಿ. ಇಷ್ಟು ಕೆಟ್ಟದಾಗಿ ಹೊಲಿಯೋನು ಅಮೆರಿಕದಲ್ಲೂ ಸಿಗಲ್ಲ."

ಆರಾಧ್ಯರು ಪದಕವನ್ನು ಅಂಗೈಯಲ್ಲಿ ಮುಚ್ಚಿಕೊಂಡರು. "ಇದಾದರೂ ಅಸಲಿ ತಾನೆ?"

"ಅದು ನಮ್ಮ ಭಾವಮೈದ ಮಾಡಿದ್ದು. ಅವನು ನನ್ನ ಹಾಗಲ್ಲ ಸ್ವಾಮಿ, ಕಸುಬು ಬಲ್ಲವನು."