ಮೂರು ಡಬ್ಬಿ, ಒಂದು ಪಂಚಮ

ಮಲಪ್ರಭೆಯ ದಂಡೆಗೆ ಒಂದು ಸಂಗೀತದ ಆಶ್ರಮ. ಅಲ್ಲಿ ರಾಚಯ್ಯ ಗವಾಯಿಗಳೆಂಬ ಗುರುಗಳು. ಅವರ ಬಳಿ ಹನ್ನೊಂದು ವರ್ಷದಿಂದ ಕಲಿಯುತ್ತಿದ್ದ ಶಿಷ್ಯ ಕಲ್ಲಿನಾಥ.

ಗುರುಗಳು ಒಪ್ಪುವವರೆಗೆ ಶಿಷ್ಯ ಸಭೆಯಲ್ಲಿ ಹಾಡುವಂತಿಲ್ಲ ಎಂಬುದು ಆ ಆಶ್ರಮದ ನಡಾವಳಿ. ಕಲ್ಲಿನಾಥನ ಜೊತೆ ಸೇರಿದವರೆಲ್ಲ ಹಾಡಿ, ಶಾಲು ಹೊದ್ದು, ತಮ್ಮ ತಮ್ಮ ಊರು ಸೇರಿದ್ದರು. ಅವನೊಬ್ಬ ಮಾತ್ರ ಇನ್ನೂ ತಂಬೂರಿಯ ಗವಸು ಬಿಚ್ಚುತ್ತ, ಕಟ್ಟುತ್ತ ಉಳಿದಿದ್ದ. ಅದರ ನೋವು ಅವನಿಗಿತ್ತು. ಬಾಯಿಬಿಟ್ಟು ಹೇಳಿರಲಿಲ್ಲ, ಅಷ್ಟೇ.

ಗುರುಗಳಿಗೂ ವಯಸ್ಸಾಗಿತ್ತು. ಎರಡು ವರ್ಷದಿಂದ ಕೈ ನಡುಗುತ್ತಿತ್ತು. ತಂಬೂರಿ ಮುಟ್ಟುವುದನ್ನೇ ಬಿಟ್ಟಿದ್ದರು.

ಒಂದು ದಿನ ಹಳೆಯ ಭಕ್ತರೊಬ್ಬರು ಒಂದು ಪೆನ್‌ಡ್ರೈವ್ ತಂದುಕೊಟ್ಟರು. ಗುರುಗಳ ಗುರು ತುಳಜಾಬಾಯಿಯವರು ಐವತ್ತು ವರ್ಷದ ಹಿಂದೆ ಒಂದು ಬೈಠಕ್‌ನಲ್ಲಿ ಹಾಡಿದ ಜೌನಪುರಿ ರಾಗ ಅದರಲ್ಲಿತ್ತು. ಯಾರದೋ ಟ್ರಂಕಿನಲ್ಲಿ ಸಿಕ್ಕ ಟೇಪನ್ನು ಅವರೇ ಕಂಪ್ಯೂಟರಿಗೆ ಇಳಿಸಿದ್ದರು.

ಆಶ್ರಮದಲ್ಲಿ ಹಳೆಯ ಸ್ಟೀರಿಯೋ ಇತ್ತು, ಮರದ ಎರಡು ದೊಡ್ಡ ಸ್ಪೀಕರುಗಳಿದ್ದವು. ಲ್ಯಾಪ್‌ಟಾಪಿನಿಂದ ನೇರ ವೈರು ಎಳೆದು ಹಾಡು ಹಾಕಿದರೆ ಗುಂಯ್ ಎಂಬ ಸದ್ದು. ಬಾಯಿಯವರ ಧ್ವನಿ ಹೇಗೋ ಕೇಳುತ್ತಿತ್ತು, ಅವರ ಹಿಂದೆ ಕೂತವರು ನುಡಿಸಿದ ತಂಬೂರಿ ಪೂರ್ತಿ ಮುಳುಗಿಹೋಗಿತ್ತು.

ಪೇಟೆಯ ಅಂಗಡಿಯ ಫಕೀರಪ್ಪ ಬಂದು ನೋಡಿದ.

"ಅಜ್ಜಾರ, ಕಂಪ್ಯೂಟರಿನೊಳಗ ಹಾಡು ಇರೂದಿಲ್ರಿ. ಬರೇ ಅಂಕಿ ಇರ್ತಾವು. ಆ ಅಂಕಿನ ಮತ್ತ ನಾದ ಮಾಡಾಕ ನಡುವ ಒಂದು ಡಬ್ಬಿ ಬೇಕು. ಡ್ಯಾಕ್ ಅಂತಾರ. ಲ್ಯಾಪ್‌ಟಾಪಿನೊಳಗೂ ಒಂದು ಐತಿ, ಆದ್ರ ಅದು ಅಷ್ಟಕ್ಕಷ್ಟ."

"ಅಂಕಿ ನಾದ ಆಗತೈತಿ ಅಂದ್ರ, ಅದೂ ಒಂದು ವಿದ್ಯಾನ ಆತು," ಎಂದರು ಗುರುಗಳು. ತಮಾಷೆಗೆ ಹೇಳಿದ್ದಲ್ಲ. ಯಾವ ವಿದ್ಯೆ ಕಂಡರೂ ಅವರು ತಲೆಬಾಗುವವರು.

ಫಕೀರಪ್ಪ ಮೂರು ಡಬ್ಬಿ ಬಿಟ್ಟುಹೋದ. ಕೇಳಿ ನೋಡಿ, ಬೇಕಾದ್ದು ಇಟ್ಟುಕೊಂಡು ಉಳಿದದ್ದು ಮರಳಿಸಿ ಎಂದ. ಒಂದು ಬೆಂಕಿಪೊಟ್ಟಣದಷ್ಟು. ಒಂದು ಎಲೆಅಡಿಕೆಯ ಡಬ್ಬಿಯಷ್ಟು. ಮೂರನೆಯದು ಗಟ್ಟಿಮುಟ್ಟಾದ ಕಬ್ಬಿಣದ್ದು, ಮುಂದೆ ನೀಲಿ ದೀಪ. ಸಣ್ಣದರ ಬೆಲೆ ಒಂದು ಜೊತೆ ಚಪ್ಪಲಿಯಷ್ಟಾದರೆ, ದೊಡ್ಡದರ ಬೆಲೆಗೆ ಆಶ್ರಮಕ್ಕೆ ಎರಡು ತಿಂಗಳ ಜೋಳ ಬರುತ್ತಿತ್ತು.

ಗುರುಗಳು ಕಲ್ಲಿನಾಥನನ್ನು ಕರೆದರು.

"ತಮ್ಮಾ, ನಮ್ಮ ಕೈಗೆ ಎಟಕೂವಂಥದ್ದು, ಬಾಯಿಯವರಿಗೆ ಸಲ್ಲೂವಂಥದ್ದು, ಒಂದು ಆರಿಸು. ನಿನ್ನ ಕಿವಿ ತಯಾರಾಗೇತಿ ಅಂತ ನನಗ ಅನಿಸಿದ್ರ, ಶ್ರಾವಣದ ಬೈಠಕ್‌ಗೆ ನೀನ ಹಾಡು."

ಕಲ್ಲಿನಾಥ ಹನ್ನೊಂದು ವರ್ಷದಿಂದ ಕಾದ ಮಾತು ಒಂದು ಡಬ್ಬಿಯ ನೆಪದಲ್ಲಿ ಬಂದಿತ್ತು.

ಹದಿನೈದು ದಿನ ಅವನು ಬೇರೆ ಕೆಲಸ ಮಾಡಲಿಲ್ಲ. ಹಾಡಿನ ಮೊದಲ ಎರಡು ನಿಮಿಷ ಹಾಕುವುದು, ಡಬ್ಬಿ ಬದಲಿಸುವುದು, ಮತ್ತೆ ಅದೇ ಎರಡು ನಿಮಿಷ ಹಾಕುವುದು. ಮೊಬೈಲಿನಲ್ಲಿ ಜನ ಬರೆದದ್ದನ್ನೆಲ್ಲ ಓದಿದ. ಒಬ್ಬ ಒಂದರ ನಾದ ಬೆಚ್ಚಗಿದೆ ಎಂದಿದ್ದ, ಇನ್ನೊಬ್ಬ ಅದೇ ತಣ್ಣಗಿದೆ ಎಂದಿದ್ದ. ಕಲ್ಲಿನಾಥ ಎರಡನ್ನೂ ನಂಬಿ ನೋಟುಬುಕ್ಕಿನಲ್ಲಿ ಬರೆದುಕೊಂಡ.

ಹದಿನಾರನೆಯ ದಿನ ಗುರುಗಳ ಮುಂದೆ ನಿಂತ.

"ದೊಡ್ಡದ ಚಲೋ ಐತ್ರಿ. ಬಾಯಿಯವರ ದನಿ ಮುಂದ ಬರತೈತಿ. ತುಂಬಿ ಕೇಳತೈತಿ."

ಗುರುಗಳು ಮೆಲ್ಲಗೆ ಒಂದು ಷಡ್ಜ ಹಿಡಿದರು. ಬಿಟ್ಟರು. ಉಸಿರು ತೆಗೆದುಕೊಂಡು ಮತ್ತೆ ಹಿಡಿದರು. ಈ ಸಲ ಕಿಟಕಿಯ ಗಾಜು ಅದುರಿತು. ಆ ವಯಸ್ಸಿಗೆ ಆ ಕಂಠ ಕೇಳಿ ಕಲ್ಲಿನಾಥನಿಗೆ ಮೈ ಜುಮ್ಮೆಂದಿತು.

"ಯಾವುದು ಚಲೋ ಇತ್ತು?"

"ಎರಡನೇದ್ರಿ."

"ಎರಡೂ ಅದ ಷಡ್ಜ. ಎರಡನೇದಕ್ಕ ಒಂದಿಷ್ಟು ಜೋರು ಹಾಕಿದೆ, ಅಷ್ಟ. ಆ ದೊಡ್ಡ ಡಬ್ಬಿನೂ ಅದನ್ನ ಮಾಡಾಕತ್ತೈತಿ. ಮೂರನ್ನೂ ಒಂದ ದನಿಗೆ ತಂದು ಕೇಳು."

"ಅಳತಿಗೆ ಏನ್ ಹಿಡೀಲ್ರಿ?"

ಗುರುಗಳು ಗೋಡೆಯ ಕಡೆ ನೋಡಿದರು. ಗವಸು ಹೊದ್ದ ತಂಬೂರಿ ಅಲ್ಲಿ ಒರಗಿತ್ತು.

ಆಶ್ರಮದಲ್ಲಿ ಇನ್ನೊಂದು ನಡಾವಳಿ ಇತ್ತು. ಪರಂಪರೆಯ ಹಿರಿಯರ ಹಾಡು ಹಾಕಿದವನು ಅವರ ಶ್ರುತಿಗೆ ತಂಬೂರಿ ಕೂಡಿಸಿ, ಹಾಡು ಮುಗಿಯುವವರೆಗೆ ಮೀಟುತ್ತಿರಬೇಕು. ಯಂತ್ರದಿಂದ ಬಂದರೂ ಅದು ಬಾಯಿಯವರ ಧ್ವನಿಯೇ ತಾನೆ.

"ಅದನ್ನ ಯಾಕ ಮೂಲ್ಯಾಗ ಇಟ್ಟಿ?"

"ಪರೀಕ್ಷಾಕ್ಕ ಅಡ್ಡಿ ಆಗತೈತಿ ಅಂತ ತೆಗದಿಟ್ಟೆ ಗುರುಗಳ."

"ಅಂದ್ರ ಹದಿನೈದು ದಿನ ಬಾಯಿಯವರು ಒಬ್ಬರ ಹಾಡ್ಯಾರ," ಎಂದು ಗುರುಗಳು ಕಣ್ಣು ಮುಚ್ಚಿದರು.

ಬೈದಿದ್ದರೆ ಕಲ್ಲಿನಾಥ ತಡೆದುಕೊಳ್ಳುತ್ತಿದ್ದ. ಇದು ಬೈಗುಳಕ್ಕಿಂತ ಜಾಸ್ತಿಯಾಯಿತು.

ಮರುದಿನ ತಂಬೂರಿ ಕೂಡಿಸಿಕೊಂಡು ಕೂತ. ಸ್ಪೀಕರಿನ ದನಿ ತಂಬೂರಿಯನ್ನು ಮೀರದಂತೆ, ತಂಬೂರಿಯ ಕೆಳಗೂ ಇಳಿಯದಂತೆ ಪ್ರತಿ ಡಬ್ಬಿಗೂ ಸ್ಟೀರಿಯೋದ ಗುಂಡಿ ತಿರುಗಿಸಿದ. ಯಾವ ಡಬ್ಬಿಗೆ ಗುಂಡಿ ಎಲ್ಲಿ ನಿಲ್ಲಬೇಕೋ ಅಲ್ಲಿ ಸುಣ್ಣದಿಂದ ಗುರುತು ಹಾಕಿದ. ಮತ್ತೆ ಎರಡು ನಿಮಿಷ ಕೇಳಿದ, ಡಬ್ಬಿ ಬದಲಿಸಿದ, ಮತ್ತೆ ಕೇಳಿದ.

ಮೂರೂ ಒಂದೇ ಥರ ಕೇಳಿಸಿದವು.

ಇನ್ನೊಂದು ದಿನ ಕೇಳಿದ. ಮತ್ತೊಂದು ದಿನ ಕೇಳಿದ. ಗುಂಯ್ ಸದ್ದು ಮೂರರಲ್ಲೂ ಇಲ್ಲ. ಧ್ವನಿ ಮೂರರಲ್ಲೂ ಅದೇ. ಅವನಿಗೆ ಹೆದರಿಕೆಯಾಯಿತು. ಫರಕು ಇದ್ದೇ ಇರಬೇಕು, ತನ್ನ ಕಿವಿಗೇ ಅದು ಸಿಗುತ್ತಿಲ್ಲ ಎಂದುಕೊಂಡ. ಶ್ರಾವಣ ಕೈ ತಪ್ಪಿತು ಅನ್ನಿಸಿತು.

ಫಕೀರಪ್ಪನಿಗೆ ಫೋನು ಮಾಡಿ, ಗುರುಗಳಿಗೆ ಯಾವುದನ್ನು ಹೇಳಲಿ ಎಂದು ಕೇಳಿದ.

"ನಡುವಿಂದು ಅನ್ರಿ," ಎಂದ ಫಕೀರಪ್ಪ. "ತಿಳಿಯದವ್ರೆಲ್ಲ ಅದನ್ನ ಒಯ್ತಾರ. ಯಾರೂ ತಪ್ಪು ಹಿಡಿಯೂದಿಲ್ಲ."

ಕಲ್ಲಿನಾಥ ನಡುವಿನ ಡಬ್ಬಿ ಹಿಡಿದು ಹೊಳೆಯ ದಂಡೆಗೆ ಹೋದ. ಗುರುಗಳು ಕಾಲು ತೊಳೆದುಕೊಂಡು ಕಲ್ಲಿನ ಮೇಲೆ ಕೂತಿದ್ದರು. ಹೇಳಬೇಕಾದ ಸುಳ್ಳನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದಿದ್ದ.

"ಆರಿಸಿದೇನು?" ಎಂದರು ಗುರುಗಳು.

ಅವರ ಮುಖ ನೋಡಿದ ಮೇಲೆ ಸುಳ್ಳು ಹೊರಡಲಿಲ್ಲ.

"ನನಗ ಫರಕ ತಿಳಿಯವಲ್ದ್ರಿ. ಮೂರೂ ಒಂದ ಕೇಳತಾವು. ಹನ್ನೊಂದು ವರ್ಷ ನಾ ಏನೂ ಕಲಿತಿಲ್ಲ ಕಾಣತೈತಿ."

"ನನಗೂ ತಿಳೀಲಿಲ್ಲ."

ಕಲ್ಲಿನಾಥ ತಲೆಯೆತ್ತಿದ.

"ನೀ ಬದಲಿಸುವಾಗೆಲ್ಲ ನಾ ಹೊರಗ ಕಟ್ಟಿ ಮ್ಯಾಲ ಕುಂತಿದ್ದೆ. ಇಷ್ಟು ಹಗುರ ಬೆಲೆಗೆ ಇಷ್ಟು ಶುದ್ಧ ನಾದ ಬರೂವಂಗ ಯಾರೋ ಮಾಡ್ಯಾರ. ಅವರ ಕೈಗೆ ಶರಣು. ಸಣ್ಣದನ್ನ ಇಟ್ಕೋ, ಉಳಿದೆರಡು ಅಂಗಡಿಗೆ ಮುಟ್ಟಿಸು."

"ಮತ್ತ ಪರೀಕ್ಷಾ?"

"ಇಷ್ಟು ದಿನ ಡಬ್ಬಿ ಕೇಳಿದಿ. ನಾಳೆ ಹಾಡು ಕೇಳು."

ಮರುದಿನ ಬೆಳಿಗ್ಗೆ ಬದಲಿಸಲು ಕೈಯಲ್ಲಿ ಬೇರೆ ಡಬ್ಬಿಯೇ ಇರಲಿಲ್ಲ. ಬೆಂಕಿಪೊಟ್ಟಣದಷ್ಟಿದ್ದ ಡಬ್ಬಿ ಸ್ಟೀರಿಯೋದ ಹಿಂದೆ ಎಲ್ಲೋ ಮರೆಯಾಗಿ ಕೂತಿತ್ತು. ಕಲ್ಲಿನಾಥ ತಂಬೂರಿ ಮೀಟುತ್ತ, ಎರಡು ನಿಮಿಷ ದಾಟಿ, ಮೊದಲ ಸಲ ಮುಂದಕ್ಕೆ ಕೇಳತೊಡಗಿದ.

ಜೌನಪುರಿಯಲ್ಲಿ ಪಂಚಮ ಎಂದರೆ ದಣಿದವರು ಬಂದು ಕೂರುವ ಕಟ್ಟೆ. ಬಾಯಿಯವರು ಎಲ್ಲೆಲ್ಲೋ ತಿರುಗಿ ಬಂದು ಆ ಸ್ವರದ ಮೇಲೆ ನಿಂತಾಗಲೆಲ್ಲ ಮನಸ್ಸು ತಂಪಾಗುತ್ತಿತ್ತು. ಎಂಥ ಹೆಣ್ಣುಮಗಳಪ್ಪ ಎಂದುಕೊಂಡ ಕಲ್ಲಿನಾಥ.

ಒಂಬತ್ತನೆಯ ನಿಮಿಷಕ್ಕೆ ಏನೋ ಕದಡಿತು. ಕೈಯಲ್ಲಿದ್ದ ತಂಬೂರಿಯ ಪಂಚಮವೂ ಸ್ಪೀಕರಿನೊಳಗಿನ ತಂಬೂರಿಯ ಪಂಚಮವೂ ಒಂದಕ್ಕೊಂದು ಹೊಂದದೆ ಅಲುಗಾಡಿದವು. ತನ್ನ ತಂತಿಯೇ ಇಳಿಯಿತೆಂದು ಗಾಬರಿಯಾಗಿ ಹಾಡು ನಿಲ್ಲಿಸಿ ನೋಡಿದ. ಅವನದು ಸರಿಯಾಗೇ ಇತ್ತು.

ಮತ್ತೆ ಹಾಕಿದ. ಇಳಿದದ್ದು ಐವತ್ತು ವರ್ಷದ ಹಿಂದಿನ ತಂತಿ.

ಆಮೇಲೆ ಅವನು ಮೈಯೆಲ್ಲ ಕಿವಿಯಾದ. ಬಾಯಿಯವರು ಅಲ್ಲಿಂದ ಮುಂದೆ ಪಂಚಮದ ಮೇಲೆ ನಿಲ್ಲಲೇ ಇಲ್ಲ. ಹತ್ತಿರ ಬಂದು, ಸವರಿ, ಮುಂದೆ ಸಾಗುತ್ತಿದ್ದರು. ಒಂದೊಂದು ಸಲ ಒಂದೊಂದು ದಾರಿ ಹಿಡಿಯುತ್ತಿದ್ದರು. ಕೇಳುವವರಿಗೆ ಅದೇ ಹೊಸ ಚೆಲುವು. ನಿಂತಿದ್ದರೆ ಇಳಿದ ತಂತಿ ಇಡೀ ಸಭೆಗೆ ಗೊತ್ತಾಗುತ್ತಿತ್ತು. ನಡುವೆ ಸಭೆಯವರು "ವಾಹ್" ಎಂದದ್ದೂ ಕೇಳಿಸಿತು.

ಹಾಡು ಮುಗಿಯುವಷ್ಟರಲ್ಲಿ ಕಲ್ಲಿನಾಥನ ಕಣ್ಣು ತುಂಬಿದ್ದವು. ಬಾಗಿಲಲ್ಲಿ ಗುರುಗಳು ನಿಂತಿದ್ದರು.

"ಏನ್ ಕೇಳಿದಿ?"

"ತಂಬೂರಿಯ ಪಂಚಮ ಇಳಿದೇತ್ರಿ. ನುಡಿಸಿದವರಿಗೆ ಖಬರಿಲ್ಲ. ಬಾಯಿಯವರು ಕಡೀತನ ಅವರನ್ನ ಕಾಯ್ದಾರ."

ಗುರುಗಳು ಬಂದು ಅವನ ಎದುರು ಕೂತರು.

"ನುಡಿಸಿದವ ನಾನ."

ಕಲ್ಲಿನಾಥ ತಂಬೂರಿಯ ಮೇಲಿನ ಕೈ ತೆಗೆದ.

"ಅದು ನನ್ನ ಮೊದಲನೇ ಸಭಾ. ಬಾಯಿಯವರ ಹಾಡಿನಾಗ ಮೈ ಮರತು ತಂತಿ ಮರತೆ. ಮುಗಿದ ಮ್ಯಾಲ ತಿಳೀತು."

"ಬೈದ್ರೇನ್ರಿ?"

"ಎಲ್ಲಾರ ಮುಂದ ನನ್ನ ಬೆನ್ನು ಚಪ್ಪರಿಸಿದ್ರು. ಆ ಮ್ಯಾಲ ಅದರ ಮಾತ ತಗೀಲಿಲ್ಲ, ಸಾಯೂತನಕ."

ಹೊಳೆಯ ಕಡೆಯಿಂದ ಬಟ್ಟೆ ಒಗೆಯುವ ಸದ್ದು ಬರುತ್ತಿತ್ತು.

"ಶ್ರಾವಣದಾಗ ನೀ ಹಾಡು, ತಮ್ಮಾ. ಜೌನಪುರಿನ ಹಾಡು. ತಂಬೂರಿಗೆ ನಾ ಕೂಡತೀನಿ."

ಗುರುವೇ ಶಿಷ್ಯನ ಹಿಂದೆ ಕೂತು ತಂಬೂರಿ ನುಡಿಸುವುದು ಆ ಆಶ್ರಮ ಕಂಡಿರದ ಮಾತು. ಕಲ್ಲಿನಾಥ ಅವರ ಪಾದ ಮುಟ್ಟಿದ. ಏಳುವಾಗ ತೊಡೆಯ ಮೇಲಿನ ಅವರ ಬೆರಳುಗಳು ಕಂಡವು. ಅವು ನಡುಗುತ್ತಿದ್ದವು.

"ಗುರುಗಳ, ತಪ್ಪು ತಿಳೀಬ್ಯಾಡ್ರಿ. ನಡುವ ತಂತಿ ಇಳಿದು, ನಿಮಗ ತಿಳೀಲಿಲ್ಲಂದ್ರ?"

ಗುರುಗಳು ತಂಬೂರಿಯನ್ನು ತಮ್ಮ ಕಡೆ ಎಳೆದುಕೊಂಡು, ಎರಡು ವರ್ಷದ ಮೇಲೆ ಮೊದಲ ಸಲ ಮೀಟಿದರು.

"ಇಳಿದ ಇಳಿತೈತಿ. ಏನ್ ಮಾಡಬೇಕಂತ ಈಗ ಬಾಯಿಯವರ ಹಾಡಿನಾಗ ಕೇಳಿದಿಯಲ್ಲ."