ನಮಸ್ಕಾರ ಮಾಡುವ ಕಾರು

“ಬುದ್ಧೀ, ಇನ್ನೊಬ್ಬನಲ್ಲಿರುವ ಭಕ್ತಿ ನನಗೂ ಬರಲಿ ಎಂದು ಆಸೆಪಟ್ಟರೆ ಅದನ್ನೂ ಹೊಟ್ಟೆಕಿಚ್ಚು ಅನ್ನಬೇಕೆ?”

ಕೇಳಿದವನು ಮಠದ ಶಿಷ್ಯ ಕೊಟ್ರೇಶ. ಆ ಇನ್ನೊಬ್ಬ ಯಾರೆಂಬುದು ಗುರುಗಳಿಗೆ ಗೊತ್ತಿತ್ತು. ಕೊಟ್ರೇಶನ ಜೊತೆಯ ಶಿಷ್ಯ ಮರುಳಯ್ಯ. ಸಂಜೆಯ ಮಂಗಳಾರತಿಯಲ್ಲಿ ಲೋಬಾನದ ಹೊಗೆ ಎದ್ದಿತೆಂದರೆ ಸಾಕು, ಮರುಳಯ್ಯನ ಕಣ್ಣಿಂದ ನೀರು ಧಾರೆಯಾಗಿ ಇಳಿಯುತ್ತಿತ್ತು. ಭಕ್ತರು ಅದನ್ನು ನೋಡಿ, ‘ಎಂಥಾ ಭಕ್ತಿಯಪ್ಪಾ’ ಎಂದು ಕೈಮುಗಿದರು. ಅವನನ್ನು ಕರೆದು ಗದ್ದುಗೆಯ ಮುಂದಿನ ಸಾಲಿನಲ್ಲಿ ಕೂರಿಸಿದರು. ಕೊಟ್ರೇಶ ಕಂಬದ ಹಿಂದೆಯೇ ಉಳಿದ. ಆದರೆ ನಿನ್ನೆಯಿಂದ ಅವನ ಕಣ್ಣಲ್ಲೂ ನೀರು ಬರತೊಡಗಿತ್ತು. ಈಗಲೂ ಅವನು ಶಲ್ಯದ ತುದಿಯ ಗಂಟನ್ನು ಮುಷ್ಟಿಯಲ್ಲಿ ಹಿಡಿದೇ ನಿಂತಿದ್ದ.

ಗುರುಗಳು ಒಮ್ಮೆ ಮೂಗು ಉಜ್ಜಿಕೊಂಡರು. “ಕೂತ್ಕೋ” ಎಂದರು. ಕತೆ ಹೇಳಿದರು.

ಒಂದು ಪೇಟೆಯಲ್ಲಿ ಒಬ್ಬ ಪಾತ್ರೆ ವ್ಯಾಪಾರಿ ಇದ್ದ. ಅವನ ಎದುರು ಅಂಗಡಿಯವನು ಬೆಲ್ಲದ ವ್ಯಾಪಾರಿ.

ಆ ಪೇಟೆಗೆ ಒಂದು ಪದ್ಧತಿ. ಆಯುಧಪೂಜೆಯ ದಿನ ಪೇಟೆಯ ಗಾಡಿಗಳೆಲ್ಲ, ಲಾರಿಯಿಂದ ಹಿಡಿದು ತಳ್ಳುಗಾಡಿಯವರೆಗೆ, ಅಮ್ಮನ ಪಟ ಇಟ್ಟ ಬನ್ನಿಕಟ್ಟೆಯ ಮುಂದೆ ಒಂದೇ ಸಾಲಾಗಿ ನಿಲ್ಲಬೇಕು. ಪೂಜೆ ಮುಗಿದ ಮೇಲೆ ಮೊದಲ ಗಾಡಿ ಚಕ್ರದಡಿಯ ನಿಂಬೆಹಣ್ಣನ್ನು ಜಜ್ಜಿ ಹೊರಡಬೇಕು. ಉಳಿದವು ಅದರ ಹಿಂದೆ ಊರು ಸುತ್ತಬೇಕು. ಮೊದಲನೆಯದು ಅಲುಗದೆ ಹಿಂದಿನವರು ತಮ್ಮ ಗಾಡಿಯನ್ನು ಮುಂದೆ ಬಿಡುವ ಹಾಗಿಲ್ಲ.

ಆ ಮೊದಲ ಜಾಗ ಪಾತ್ರೆ ವ್ಯಾಪಾರಿಯದು. ಅವನ ಅಪ್ಪನ ಎತ್ತಿನ ಗಾಡಿ ಅಲ್ಲೇ ನಿಂತಿತ್ತು. ಈಗ ಅವನ ಪುಟ್ಟ ಕಾರು ಅಲ್ಲೇ ನಿಲ್ಲುತ್ತಿತ್ತು. ಅವನು ವರ್ಷವಿಡೀ ಪಾತ್ರೆ ಮಾರುತ್ತಿದ್ದದ್ದು ಹೊಟ್ಟೆಪಾಡಿಗೆ. ಬದುಕುತ್ತಿದ್ದದ್ದು ಆ ಒಂದು ಬೆಳಗಿಗೆ.

ಒಂದು ವರ್ಷ ಬೆಲ್ಲದ ವ್ಯಾಪಾರಿ ಒಂದು ದೊಡ್ಡ ಕಾರು ತಂದ. ಯಾರೋ ಶ್ರೀಮಂತರು ಓಡಿಸಿ ಬಿಟ್ಟ ಹಳೆಯ ಕಾರು. ಅದಕ್ಕೆ ಸ್ಪ್ರಿಂಗ್ ಇರಲಿಲ್ಲ. ಏರ್ ಸಸ್ಪೆನ್ಷನ್. ಅಂದರೆ ನಾಲ್ಕು ಮೂಲೆಗೂ ರಬ್ಬರಿನ ಗಾಳಿಚೀಲ, ಚೀಲಕ್ಕೆ ಗಾಳಿ ತುಂಬಲು ಒಂದು ಪುಟ್ಟ ಕಂಪ್ರೆಸರ್. ಕೀಲಿ ತಿರುಗಿಸಿದರೆ ಸಾಕು, ಮಲಗಿದ್ದ ಎಮ್ಮೆ ಮೈಮುರಿದು ಏಳುವ ಹಾಗೆ ಕಾರು ನಿಧಾನಕ್ಕೆ ಮೇಲೇಳುತ್ತಿತ್ತು. ಬೆಳಿಗ್ಗೆ ಅದು ಏಳುವುದನ್ನು ನೋಡಲು ಜನ ಟೀ ಲೋಟ ಹಿಡಿದುಕೊಂಡೇ ಬರುತ್ತಿದ್ದರು. ಪಾತ್ರೆ ವ್ಯಾಪಾರಿ ಮಾತ್ರ ಆ ಹೊತ್ತಿಗೆ ಸರಿಯಾಗಿ ಕೊಳಗಗಳನ್ನು ಒರೆಸಲು ಒಳಗೆ ಹೋಗುತ್ತಿದ್ದ. ಒಳಗಿನಿಂದ ಕೊಳಗದ ಹೊಳಪಿನಲ್ಲಿ ಅದನ್ನೇ ನೋಡುತ್ತಿದ್ದ.

ಆ ವರ್ಷದ ಆಯುಧಪೂಜೆಯಲ್ಲಿ ಆ ಕಾರು ಎರಡನೆಯದಾಗಿ ನಿಂತಿತು. ಪೂಜಾರಿ ಗಾಡಿಯಿಂದ ಗಾಡಿಗೆ ಬಂದು, ಅದರ ಮುಂದೆ ಕರ್ಪೂರ ಬೆಳಗುತ್ತಿದ್ದ. ಆಗ ಕಾರಿನ ಮುಂಭಾಗ ಮೆಲ್ಲಗೆ ಕೆಳಗಿಳಿಯತೊಡಗಿತು. ಇನ್ನೂ ಇಳಿಯಿತು. ಮೂತಿ ನೆಲಕ್ಕೆ ಹತ್ತಿರವಾಯಿತು.

“ಏ ನೋಡ್ರೋ, ಕಾರು ಅಮ್ಮಗೆ ನಮಸ್ಕಾರ ಹಾಕ್ತೈತಿ!” ಎಂದು ಯಾರೋ ಕೂಗಿದರು.

ಪೇಟೆಗೆ ಪೇಟೆಯೇ ಕೈಮುಗಿಯಿತು. ಹೆಂಗಸರು ಕಾರಿಗೆ ಕುಂಕುಮ ಹಚ್ಚಿದರು. ಹಿರಿಯರು ಅಲ್ಲೇ ಮಾತಾಡಿಕೊಂಡು, ಮುಂದಿನ ವರ್ಷದಿಂದ ಮೊದಲ ಜಾಗ ನಮಸ್ಕಾರ ಮಾಡುವ ಕಾರಿಗೆ ಎಂದು ಹೇಳಿಬಿಟ್ಟರು. ಪಾತ್ರೆ ವ್ಯಾಪಾರಿ ತನ್ನ ಪುಟ್ಟ ಕಾರಿನ ಕಡೆ ತಿರುಗಿದ. ಅದು ನೆಟ್ಟಗೆ ನಿಂತಿತ್ತು. ಹುಟ್ಟಾ ಸೊಕ್ಕಿನದು ಅನ್ನಿಸಿತು.

ಅಂದಿನಿಂದ ಅವನಿಗೆ ಕೆಲಸದ ಮೇಲೆ ಗಮನ ತಪ್ಪಿತು. ಗಿರಾಕಿ ಚಮಚ ಕೇಳಿದರೆ ಸೌಟು ಕೊಟ್ಟ. ಕುಕ್ಕರ್ ಒಬ್ಬರಿಗೆ, ಅದರ ಮುಚ್ಚಳ ಇನ್ನೊಬ್ಬರಿಗೆ ಮಾರಿದ. ಕೊನೆಗೆ ಅಪ್ಪನ ಕಾಲದ ತಾಮ್ರದ ಹಂಡೆಗಳನ್ನೆಲ್ಲ ಮಾರಿ, ದೂರದ ಊರಿನಿಂದ ಅದೇ ಜಾತಿಯ, ಅದೇ ಬಣ್ಣದ ಹಳೆಯ ಕಾರನ್ನು ತಂದ. ತಂದವನೇ ಅದನ್ನು ಅಂಗಡಿಯ ಮುಂದೆ ನಿಲ್ಲಿಸಿ, ಒಂದು ತಟ್ಟೆಯಲ್ಲಿ ಕರ್ಪೂರ ಹಚ್ಚಿ, ಅದರ ಮುಂದೆ ಬೆಳಗಿದ.

ಕಾರು ಬಾಗಲಿಲ್ಲ.

ಇನ್ನೊಂದು ಬಿಲ್ಲೆ ಹಚ್ಚಿದ. ಬಾಗಲಿಲ್ಲ. ಬಾಗಿಲಲ್ಲಿ ನಿಂತಿದ್ದ ಹೆಂಡತಿ, “ಗಂಟೆ ಬಾರಿಸಿ ನೋಡ್ರಿ, ಕಿವಿ ಮಂದ ಇರಬಹುದು” ಎಂದಳು.

ಅವನು ಕಾರನ್ನು ಗ್ಯಾರೇಜಿಗೆ ಒಯ್ದ. ಮೇಸ್ತ್ರಿ ಕೆಳಗೆ ಮಲಗಿ ನೋಡಿದ. ಸೋಪಿನ ನೀರು ಹೊಡೆದು, ಗುಳ್ಳೆ ಏಳುತ್ತದೆಯೇ ಎಂದು ಪ್ರತಿ ಚೀಲವನ್ನೂ ಪರೀಕ್ಷೆ ಮಾಡಿದ. ಹೊರಗೆ ಬಂದು ಕೈ ಒರೆಸಿಕೊಂಡ.

“ಏನೂ ತೊಂದರೆ ಇಲ್ಲ ಸಾವ್ಕಾರ್ರೇ. ನಾಲ್ಕೂ ಚೀಲ ಗಟ್ಟಿ ಅದಾವು.”

“ಮತ್ತೆ ಯಾಕೆ ಬಾಗಲ್ಲ?”

“ಬಾಗೋದು ಯಾಕ್ರೀ?”

“ಬೆಲ್ಲದವನ ಕಾರು ಬಾಗ್ತೈತಲ್ಲ!”

ಮೇಸ್ತ್ರಿಗೆ ನಗು ತಡೆಯಲಾಗಲಿಲ್ಲ. ಅಲ್ಲೇ ಇದ್ದ ಟೈರಿನ ಮೇಲೆ ಕೂತುಬಿಟ್ಟ. “ಅಯ್ಯೋ ಸಾವ್ಕಾರ್ರೇ, ಅದು ರೋಗ ರೀ! ಮುಂದಿನ ಚೀಲ ಹಳೇದಾಗಿ ಬಿರುಕು ಬಿಟ್ಟೈತಿ. ನಿಲ್ಲಿಸಿದ ಕೂಡಲೇ ಗಾಳಿ ಸೋರಿ ಕೂತ್ಕೊಳ್ಳುತ್ತೆ. ಸೋರಿದ್ದನ್ನು ತುಂಬೀ ತುಂಬೀ ಕಂಪ್ರೆಸರೂ ಸುಟ್ಟುಹೋಯ್ತು. ಅದನ್ನು ಹಾಕಿಸಿದರೆ ಇನ್ನೊಂದು ಚೀಲ ಹೋಯ್ತು. ಒಂದು ಚೀಲದ ರೇಟಿಗೆ ಅವರ ಅಂಗಡಿಯ ಅರ್ಧ ಬೆಲ್ಲ ಹೋಗುತ್ತೆ. ಪಾಪ, ಆ ಮನುಷ್ಯ ಸೊರಗಿ ಅಚ್ಚು ಬೆಲ್ಲದಷ್ಟಾಗಿದಾನೆ. ನೀವೇ ಪುಣ್ಯವಂತರು.”

ಬೇರೆ ಯಾರಾದರೂ ಆಗಿದ್ದರೆ ಹೋಟೆಲಿಗೆ ಹೋಗಿ ಸಿಹಿ ತಿಂದು ಮನೆಗೆ ಹೋಗುತ್ತಿದ್ದರು. ಪಾತ್ರೆ ವ್ಯಾಪಾರಿ ಯೋಚಿಸಿದ. ಚೀಲ ಸೋರುವುದು ಗ್ಯಾರೇಜಿನವನಿಗೆ ಕಾಣುತ್ತದೆ. ಪೇಟೆಗೆ ಕಾಣುವುದು ನಮಸ್ಕಾರ. ಮೊದಲ ಜಾಗ ಕೊಡುವುದು ಪೇಟೆ. ದೇವರು ನೋಡು, ತೂತನ್ನೂ ಅವನಿಗೇ ಕೊಟ್ಟ.

“ಹಂಗಾದ್ರೆ ನನ್ನ ಕಾರಿಗೂ ತೂತು ಮಾಡು” ಎಂದ.

ಮೇಸ್ತ್ರಿಯ ನಗು ನಿಂತಿತು. “ತಮಾಷೆ ಮಾಡಬ್ಯಾಡ್ರಿ.”

“ತಮಾಷೆ ಅಲ್ಲ. ಮುಂದಿನ ಎರಡಕ್ಕೆ ಮಾಡು. ದೊಡ್ಡದು ಬೇಡ. ಒಂದು ಮಂಗಳಾರತಿ ಆಗೋವಷ್ಟರಲ್ಲಿ ಬಾಗಬೇಕು. ಅವನದಕ್ಕಿಂತ ಒಂದು ಬೆರಳು ಜಾಸ್ತಿ ಬಾಗಬೇಕು.”

“ತೂತು ನಾನು ಮಾಡಬಲ್ಲೆ. ಅದು ನನ್ನ ಮಾತು ಕೇಳುತ್ತೆ ಅಂತ ಹೇಳಲಾರೆ.”

“ಮಾಡು ಅಂದ್ನಲ್ಲ!”

ಮೇಸ್ತ್ರಿ ದಬ್ಬಳ ತೆಗೆದುಕೊಂಡು ಕಾರಿನ ಕೆಳಗೆ ಹೋದ.

ಆವತ್ತು ಸಂಜೆ ಪಾತ್ರೆ ವ್ಯಾಪಾರಿಯ ಅಂಗಡಿಯ ಮುಂದೆ ಕಾರು ಬಾಗಿತು. ಜನ ಓಡಿಬಂದರು. ಕೀಲಿ ತಿರುಗಿಸಿದ, ಎದ್ದಿತು. ಕರ್ಪೂರ ಬೆಳಗಿದ, ಬಾಗಿತು. ಆಹಾ ಅನ್ನುವ ಸುಖ. ಬೆಲ್ಲದವನ ಮುಖ ಹೇಗಾಗಿದೆ ಎಂದು ರಸ್ತೆಯ ಆಚೆ ನೋಡಿದ. ಅಂಗಡಿಯಲ್ಲಿ ಅವನಿರಲಿಲ್ಲ. ಮರುದಿನ ನೋಡಿದರೆ ಬೆಲ್ಲದ ವ್ಯಾಪಾರಿ ಸಿಳ್ಳೆ ಹಾಕುತ್ತ ಕಾರಿನಿಂದ ಇಳಿದ. ಕಾರು ನೆಟ್ಟಗಿತ್ತು. ಮಧ್ಯಾಹ್ನವೂ ನೆಟ್ಟಗಿತ್ತು. ಸಂಜೆಯೂ ನೆಟ್ಟಗಿತ್ತು.

ಹಿರಿಯರು ಬಂದು ಬೆಲ್ಲದವನನ್ನು ಕೇಳಿದರು, “ಏನಪ್ಪಾ, ನಿನ್ನ ಗಾಡಿ ಯಾಕೆ ನಮಸ್ಕಾರ ಮಾಡ್ತಿಲ್ಲ?”

“ಅದರ ಭಕ್ತಿ ಕಿತ್ತು ಸ್ಪ್ರಿಂಗ್ ಹಾಕಿಸಿದೆ ಯಜಮಾನ್ರೇ” ಎಂದ ಬೆಲ್ಲದವನು. “ಈಗ ಬಾಗಲ್ಲ, ಮೇಲೂ ಏಳಲ್ಲ. ನನಗೂ ನಿದ್ದೆ ಬರ್ತೈತಿ.”

ಹಿರಿಯರಿಗೆ ಅರ್ಥವಾಗಲಿಲ್ಲ. ದೇವರ ವಿಷಯದಲ್ಲಿ ತಮಾಷೆ ಮಾಡುವವನಿಗೆ ಮೊದಲ ಜಾಗ ಬೇಡ ಎಂದುಕೊಂಡು, ಅದನ್ನು ಮತ್ತೆ ಪಾತ್ರೆ ವ್ಯಾಪಾರಿಗೇ ಕೊಟ್ಟರು.

ಜಾಗ ಸಿಕ್ಕಿತು. ಸಿಕ್ಕಿದ ಸುಖ ಸಿಗಲಿಲ್ಲ. ಬೆಲ್ಲದವನು ಹೊಟ್ಟೆ ಉರಿದುಕೊಳ್ಳಬೇಕಿತ್ತು. ಅವನು ನೋಡಿದರೆ ಎದುರಿಗೆ ಕೂತು ಬೆಲ್ಲಕ್ಕೆ ಮುತ್ತಿದ ನೊಣ ಓಡಿಸುತ್ತಿದ್ದಾನೆ. ಇತ್ತ ಪಾತ್ರೆ ವ್ಯಾಪಾರಿಯ ಕಾರು ಹೇಳಿದ ಹೊತ್ತಿಗೆ ಮಾತ್ರ ಬಾಗುವುದನ್ನು ಬಿಟ್ಟಿತು. ಸಂತೆಯಲ್ಲಿ ಬಾಗಿತು. ಬೀಗರ ಮನೆಯ ಮುಂದೆ ಬಾಗಿತು. ಸಾರಾಯಿ ಅಂಗಡಿಯ ಮುಂದೆ ನಿಲ್ಲಿಸಿದಾಗಲೂ ಅಷ್ಟೇ ಭಕ್ತಿಯಿಂದ ಬಾಗಿತು. ಕಂಪ್ರೆಸರ್ ಮೂರು ಹೊತ್ತೂ ಗುರ್ ಎನ್ನುತ್ತ ಗಾಳಿ ತುಂಬುತ್ತಿತ್ತು. ಗ್ಯಾರೇಜಿನ ಮೇಸ್ತ್ರಿ ಎರಡು ಸಲ ಹೇಳಿ ಕಳಿಸಿದ, ‘ಸಾವ್ಕಾರ್ರೇ, ಅದು ಸುಟ್ಟುಹೋಗೋ ಮುಂಚೆ ಚೀಲ ಬದಲಾಯಿಸ್ರಿ.’ ಇವನು ಹೇಳಿ ಕಳಿಸಿದ, ‘ಹಬ್ಬ ಮುಗೀಲಿ.’

ಹಬ್ಬ ಬಂತು. ಸಾಲು ನಿಂತಿತು. ಮೊದಲು ಪಾತ್ರೆ ವ್ಯಾಪಾರಿಯ ಕಾರು, ಅದರ ಹಿಂದೆ ಬೆಲ್ಲದವನದು, ಆಮೇಲೆ ಲಾರಿ, ಟೆಂಪೊ, ಆಟೊ, ಸ್ಕೂಟರ್. ಕೊಟ್ಟಕೊನೆಗೆ ಸೊಪ್ಪು ಮಾರುವ ಮುದುಕಿಯ ತಳ್ಳುಗಾಡಿ, ಅದಕ್ಕೂ ಒಂದು ಚೆಂಡುಹೂವಿನ ಮಾಲೆ.

ಪೂಜಾರಿ ಕರ್ಪೂರ ಬೆಳಗಿದ. ಕಾರು ಬಾಗಿತು. ಹೋದ ವರ್ಷದ ನಮಸ್ಕಾರಕ್ಕಿಂತ ಒಂದು ಬೆರಳು ಜಾಸ್ತಿಯೇ ಬಾಗಿತು. ಜನ ಜೈಕಾರ ಹಾಕಿದರು. ಎಲ್ಲರೂ ಅಮ್ಮನ ಪಟದ ಕಡೆ ನೋಡುತ್ತಿದ್ದರೆ ಪಾತ್ರೆ ವ್ಯಾಪಾರಿ ಹಿಂದೆ ತಿರುಗಿ ಬೆಲ್ಲದವನ ಮುಖ ನೋಡಿದ. ಅವನು ಮಂಡಕ್ಕಿ ತಿನ್ನುತ್ತಿದ್ದ.

ಬೂದುಗುಂಬಳ ಒಡೆದರು. ಚಕ್ರದಡಿ ನಿಂಬೆಹಣ್ಣು ಇಟ್ಟರು. “ಹೊರಡ್ರಿ ಸಾವ್ಕಾರ್ರೇ!” ಎಂದರು.

ಪಾತ್ರೆ ವ್ಯಾಪಾರಿ ಕೀಲಿ ತಿರುಗಿಸಿದ. ಕಂಪ್ರೆಸರ್ ಕಿರ್ ಎಂದಿತು. ಕೆಮ್ಮಿತು. ಸುಟ್ಟ ವಾಸನೆ ಬಂತು. ಆಮೇಲೆ ಸದ್ದಿಲ್ಲ. ಕಾರಿನ ಮುಂಭಾಗ ಇಳಿದು ಇಳಿದು ಚಕ್ರಗಳ ಮೇಲೇ ಕೂತಿತ್ತು. ಸ್ಟೇರಿಂಗ್ ಅತ್ತ ತಿರುಗಿಸಿದರೆ ಟೈರು ತಗಡಿಗೆ ಕಚ್ಚಿತು, ಇತ್ತ ತಿರುಗಿಸಿದರೂ ಕಚ್ಚಿತು. ನಿಂಬೆಹಣ್ಣು ಚಕ್ರದಡಿ ಹಾಗೇ ಗುಂಡಗಿತ್ತು.

ಸ್ವಲ್ಪ ಹೊತ್ತು ಎಲ್ಲರೂ ಕೈಮುಗಿದುಕೊಂಡೇ ನಿಂತಿದ್ದರು. ಆಮೇಲೆ ಹಿಂದಿನಿಂದ ಲಾರಿಯವನು ತಲೆ ಹೊರಗೆ ಹಾಕಿದ.

“ಸಾವ್ಕಾರ್ರೇ, ಅಮ್ಮ ಪ್ರತ್ಯಕ್ಷ ಆಗೋವರೆಗೂ ಏಳೋದಿಲ್ಲ ಅಂತೈತೇನು?”

“ಇದು ನಮಸ್ಕಾರ ಅಲ್ಲಪ್ಪಾ, ಮುಷ್ಕರ!” ಎಂದ ಆಟೊದವನು.

ನೂಕಿದರು, ಅಲುಗಲಿಲ್ಲ. ಮೊದಲ ಗಾಡಿ ಹೊರಡದೆ ಯಾರೂ ಮುಂದೆ ಹೋಗುವಂತಿಲ್ಲ. ಬಿಸಿಲು ಏರಿತು. ಬಾಳೆಕಂದು ಬಾಡಿತು. ಮನೆಗಳಲ್ಲಿ ಹೋಳಿಗೆ ಆರಿತು. ಹಿರಿಯರು ತಲೆ ಸೇರಿಸಿ ಕೊನೆಗೆ ಒಂದು ದಾರಿ ಕಂಡುಕೊಂಡರು. “ಎಲ್ಲರೂ ನಿಂತಲ್ಲೇ ಆ ಕಡೆಗೆ ಮೂತಿ ತಿರುಗಿಸ್ರಪ್ಪಾ” ಎಂದರು.

ಗಾಡಿಗಳು ತಿರುಗಿದವು. ಕೊನೆಯದು ಮೊದಲನೆಯದಾಯಿತು. ಸೊಪ್ಪಿನ ಮುದುಕಿ ತನ್ನ ತಳ್ಳುಗಾಡಿಯ ನಿಂಬೆಹಣ್ಣನ್ನು ಪಚಕ್ಕೆಂದು ಜಜ್ಜಿ, ಸೆರಗು ಸಿಕ್ಕಿಸಿ, “ಹಾದಿ ಬಿಡ್ರೋ!” ಎಂದು ಹೊರಟಳು. ಅವಳ ಹಿಂದೆ ಡೊಳ್ಳು, ಡೊಳ್ಳಿನ ಹಿಂದೆ ಇಡೀ ಪೇಟೆ. ಪಾತ್ರೆ ವ್ಯಾಪಾರಿಯ ಕಾರು ಮಾತ್ರ ಖಾಲಿ ಬನ್ನಿಕಟ್ಟೆಯ ಮುಂದೆ ಬಾಗಿಕೊಂಡಿತ್ತು. ಅವನು ಒಳಗೇ ಕೂತಿದ್ದ. ಹೊರಗೆ ಬಂದರೆ ಮುಖ ಕಾಣುತ್ತದೆ.

ಬೆಲ್ಲದ ವ್ಯಾಪಾರಿ ಸಾಲಿನ ಕೊನೆಗೆ ಉಳಿದಿದ್ದ. ಕಾರನ್ನು ನಿಲ್ಲಿಸಿ ಇಳಿದು ಬಂದ. ಗಾಜು ತಟ್ಟಿದ.

“ನಿಮ್ಮ ಗಾಡಿಗೂ ಹತ್ತಿತೇನ್ರೀ ಈ ರೋಗ? ನೀವು ತಂದಾಗ ಅದು ಗಟ್ಟಿಯಾಗಿ ನಿಂತಿತ್ತಲ್ಲ, ಅದನ್ನು ನೋಡಿ ನಾನು ಎಷ್ಟು ಹೊಟ್ಟೆ ಉರಿದುಕೊಂಡೆ ಗೊತ್ತಾ? ಆ ಉರಿಗೇ ಸ್ಪ್ರಿಂಗ್ ಹಾಕಿಸಿದ್ದು.” ಮುಷ್ಟಿ ಮಂಡಕ್ಕಿ ಕೊಟ್ಟ. “ಬರ್ರಿ, ನನ್ನ ಗಾಡಿ ಹತ್ರಿ. ಅದು ಬಾಗಲ್ಲ, ಆದರೆ ಹೋಗ್ತೈತಿ.”

ಪಾತ್ರೆ ವ್ಯಾಪಾರಿ ಬಯಸಿದ್ದ ಬೆಲ್ಲದವನ ಹೊಟ್ಟೆಯುರಿ ಅವನಿಗೆ ಯಾವಾಗಲೋ ಸಿಕ್ಕಿತ್ತು. ದಬ್ಬಳದಿಂದ ಚುಚ್ಚಿ ತಾನೇ ಅದನ್ನು ಹೊರಗೆ ಬಿಟ್ಟಿದ್ದ. ಪಾತ್ರೆ ವ್ಯಾಪಾರಿ ಮಂಡಕ್ಕಿ ಹಿಡಿದುಕೊಂಡು ಇಳಿದ. ಬೆಲ್ಲದವನ ಕಾರಿನ ಬಳಿ ಹೋದ. ಹತ್ತಲಿಲ್ಲ. ಬಗ್ಗಿ ಚಕ್ರದ ಸಂದಿಯಲ್ಲಿ ಇಣುಕಿದ.

“ಎಂಥಾ ಸ್ಪ್ರಿಂಗ್ ರೀ ಇದು?” ಎಂದ. “ನನಗೂ ಇಂಥದೇ ಬೇಕು. ನಿಮ್ಮದಕ್ಕಿಂತ ಒಂದು ಬೆರಳು ಎತ್ತರದ್ದು.”

ಗುರುಗಳು ಕತೆ ನಿಲ್ಲಿಸಿದರು.

ಕೊಟ್ರೇಶ ಹೊಟ್ಟೆ ಹಿಡಿದುಕೊಂಡು ನಕ್ಕ. ನಕ್ಕು ನಕ್ಕು ಅವನ ಕಣ್ಣಲ್ಲಿ ನಿಜವಾಗಿಯೂ ನೀರು ಬಂತು. “ಎಂಥಾ ಪೆದ್ದ ಬುದ್ಧೀ ಅವನು! ಗಟ್ಟಿ ಇರೋದಕ್ಕೆ ತೂತು ಮಾಡಿಸಿಕೊಂಡನಲ್ಲ!” ಎಂದು ಶಲ್ಯದಿಂದ ಕಣ್ಣೊರೆಸಿಕೊಳ್ಳಲು ಹೋಗಿ, ಗಂಟು ಕಣ್ಣಿಗೆ ತಾಗುತ್ತಲೇ ಕೈ ಹಿಂದಕ್ಕೆ ಎಳೆದುಕೊಂಡ.

ಗುರುಗಳು ಎದ್ದು ನಿಂತು ಹೇಳಿದರು, “ಮರುಳಯ್ಯ ನಾಳೆ ಕಣ್ಣಿನ ಆಸ್ಪತ್ರೆಗೆ ಹೊರಟಿದ್ದಾನೆ, ನೀನು ಆ ಗಂಟಿನಲ್ಲಿರುವ ಈರುಳ್ಳಿಯನ್ನು ಅಡುಗೆಮನೆಗೆ ಕೊಟ್ಟು ಬಾ.”