ಅರಮನೆಯ ಹಸು ಒಪ್ಪದ ನೆಲ

ಬನ್ನಿ ಮಕ್ಕಳೇ, ಹತ್ತಿರ ಕೂತ್ಕೊಳ್ಳಿ. ಕೆಂಪುಗುಡ್ಡದ ಸೀಮೆಯಲ್ಲಿ ಬೊಪ್ಪರಾಜ ಅಂತ ಒಬ್ಬ ದೊರೆಯಿದ್ದ. ಒಳ್ಳೆಯವನೇ, ಆದರೆ ಅರಮನೆಯ ಹೊಸ್ತಿಲು ದಾಟಿದವನಲ್ಲ. ಮಂತ್ರಿ ದುಗ್ಗಪ್ಪ ಹೇಳಿದ್ದೇ ಅವನಿಗೆ ವೇದವಾಕ್ಯ.

ಒಂದು ದಿನ ಗುಡ್ಡದಲ್ಲಿ ಕಬ್ಬಿಣದ ಅದಿರು ಸಿಕ್ಕಿತು. ಅಲ್ಲಿ ತಲೆತಲಾಂತರದಿಂದ ಕುರಿ ಮೇಯಿಸುತ್ತಿದ್ದವರಿಗೆ ಡಂಗುರ ಸಾರಿದರು: "ಹುಣ್ಣಿಮೆಯೊಳಗೆ ಗುಡ್ಡ ಬಿಡಿ. ನೆಲಕ್ಕೆ ನೆಲ ಪರಿಹಾರ ಸಿಗುತ್ತದೆ." ದುಗ್ಗಪ್ಪ ಹಗ್ಗ ಹಿಡಿಸಿ ಅಳೆಸಿದ. ಗುಡ್ಡ ಎಷ್ಟಿತ್ತೋ ಅಷ್ಟೇ ನೆಲ ಕೊಟ್ಟ, ಒಂದು ಮೊಳವೂ ಕಡಿಮೆಯಿಲ್ಲ. ಆದರೆ ಅದು ಬರೀ ಕಲ್ಲು, ಬರೀ ಮುಳ್ಳು! ಹೊಳೆದಂಡೆಯ ಒಳ್ಳೆ ಹುಲ್ಲುಗಾವಲನ್ನು ತನ್ನ ಕುದುರೆಗಳಿಗೆ ಇಟ್ಟುಕೊಂಡಿದ್ದ, ಕಳ್ಳ.

ಆ ಕುರಿಗಾರರ ಹಟ್ಟಿಯ ಹಿರಿಯಳು ಮಾಳವ್ವ. ಅವಳಿಗೆ ಊಟ ಸೇರಲಿಲ್ಲ. ಕುರಿಗಳೆಲ್ಲ ತುಂಬು ಗಬ್ಬ. ಹೊಟ್ಟೆಗಿಲ್ಲದಿದ್ದರೆ ದಿನ ತುಂಬುವ ಮೊದಲೇ ಕಂದು ಹಾಕುತ್ತವೆ. ಹುಣ್ಣಿಮೆಗೆ ಉಳಿದದ್ದು ಐದೇ ದಿನ. ಗುಡ್ಡದ ಮೇಲೆ ಸುತ್ತಿಗೆಯ ಸದ್ದು ಆಗಲೇ ಶುರುವಾಗಿತ್ತು. ಒಂದೊಂದು ಏಟಿಗೂ ಅವಳು ಉಳಿದ ದಿನ ಎಣಿಸುತ್ತಿದ್ದಳು.

ಅವಳು ಆಸ್ಥಾನಕ್ಕೆ ಹೋದಳು. "ದೊರಿಯೇ, ಆ ನೆಲದಾಗ ಕುರಿ ಬದುಕಂಗಿಲ್ಲ."

"ಸುಳ್ಳು ಪ್ರಭು!" ಅಂದ ದುಗ್ಗಪ್ಪ. "ಅರಮನೆಯ ಹಸು ಕೂಡ ಬಾಯಿ ಚಪ್ಪರಿಸಿ ಮೇಯುವಂಥ ಹುಲ್ಲು ಅಲ್ಲಿದೆ."

ಮಾಳವ್ವ ಕೈಮುಗಿದಳು. "ಹಂಗಾದ್ರ ಭಾಳ ಚಲೋ ಆತು. ಹೊಸ ಮೇವಿನ ನೆಲಕ್ಕ ಅದನ್ನ ಕೊಟ್ಟವರ ದನ ಮೊದಲು ಬಾಯಿ ಹಾಕಬೇಕು, ಮೂರು ದಿನ ಹಗಲೂ ರಾತ್ರಿ ಅಲ್ಲೇ ಇದ್ದು ಮೇಯಬೇಕು. ಆಮ್ಯಾಲೇ ನಮ್ಮ ಕುರಿ ಇಳೀತಾವ. ಇದು ನಮ್ಮ ಹಟ್ಟಿ ಪದ್ಧತಿ. ಕೊಟ್ಟವರು ನೀವು, ನಿಮ್ಮ ಹಸು ಕಳಿಸ್ರಿ."

ದುಗ್ಗಪ್ಪ ಸಿಕ್ಕಿಬಿದ್ದ. ಆಡಿದ ಮಾತನ್ನು ನುಂಗುವುದು ಹೇಗೆ? ದೊರೆ ಒಪ್ಪಿದ. ಆ ಹಸುವಿನ ಹಾಲು ಕುಡಿಯದೆ ಅವನಿಗೆ ಬೆಳಗಾಗುತ್ತಿರಲಿಲ್ಲ.

ಮೊದಲ ದಿನ ಹಸು ಕಲ್ಲು ಮೂಸಿತು. ಮರುಬೆಳಿಗ್ಗೆ ದೊರೆಗೆ ಅರ್ಧ ಚೆಂಬು ಹಾಲು.

ಎರಡನೇ ದಿನ ಹಸು ಮುಳ್ಳು ಮೂಸಿತು. ದುಗ್ಗಪ್ಪ ಗಾಬರಿಬಿದ್ದು ಕದ್ದು ಒಂದು ಹೊರೆ ಹಸಿಹುಲ್ಲು ಕಳಿಸಿದ. ಮಾಳವ್ವ ಬಂಡೆಯ ಮೇಲೆ ಕಾವಲು ಕೂತೇ ಇದ್ದಳು. ಹೊರೆ ಹೊತ್ತವನು ಹಾಗೇ ಹಿಂತಿರುಗಿದ. ದುಗ್ಗಪ್ಪ ಇನ್ನೇನು ಮಾಡಿಸುತ್ತಾನೋ ಅಂತ ಅವಳು ಕತ್ತಲಾದರೂ ಬಂಡೆ ಇಳಿಯಲಿಲ್ಲ. ಮರುಬೆಳಿಗ್ಗೆ ದೊರೆಗೆ ಒಂದೇ ಬಟ್ಟಲು ಹಾಲು.

ಮೂರನೇ ದಿನ ಹಸು ಬರೀ ಮಣ್ಣು ಮೂಸಿತು. ಮರುಬೆಳಿಗ್ಗೆ ಒಂದು ಹನಿಯೂ ಇಲ್ಲ.

ದೊರೆ ಹೊಸ್ತಿಲು ದಾಟಿ ನಡೆದೇಬಿಟ್ಟ. ಕಲ್ಲು ನೋಡಿದ, ಮುಳ್ಳು ನೋಡಿದ, ಹಸುವಿನ ಪಕ್ಕೆಲುಬು ನೋಡಿದ.

"ದುಗ್ಗಪ್ಪ, ಹುಲ್ಲೆಲ್ಲಿ?"

"ಪ್ರಭು, ಅಳತೆ ಮಾತ್ರ ಸರಿಯಾಗಿದೆ..."

"ಹಸು ನಿನ್ನ ಅಳತೆಯ ಹಗ್ಗ ತಿನ್ನುತ್ತದೇನೋ?"

ಮಾಳವ್ವ ಹೊಳೆಯತ್ತ ಕೈ ತೋರಿಸಿದಳು; ಅಲ್ಲಿ ದುಗ್ಗಪ್ಪನ ಕುದುರೆಗಳು ಮೇಯುತ್ತಿದ್ದವು. ಹೊಳೆದಂಡೆಯ ಹುಲ್ಲುಗಾವಲು ಅಂದೇ ಕುರಿಗಾರರ ಪಾಲಾಯಿತು. ಆ ಕಲ್ಲುನೆಲ ದುಗ್ಗಪ್ಪನ ಪಾಲಿಗೆ ಬಂತು. ಹುಣ್ಣಿಮೆಯ ಬೆಳಿಗ್ಗೆ ಹೊಸ ಹುಲ್ಲಿನ ಮೇಲೆ ಮೊದಲ ಮರಿ ಹುಟ್ಟಿತು. ಅದು ಎದ್ದು ನಿಂತು ಮೊಲೆಗೆ ಬಾಯಿ ಹಾಕುವವರೆಗೂ ಮಾಳವ್ವ ಅದರ ಪಕ್ಕದಿಂದ ಏಳಲಿಲ್ಲ.

ತಿಳೀತಾ ಮಕ್ಕಳೇ? ಒಬ್ಬರ ಹೊಟ್ಟೆ ಹೊರೆಯುವ ನೆಲ ಕಿತ್ತುಕೊಂಡವರು ಹೊಟ್ಟೆ ಹೊರೆಯುವ ನೆಲವನ್ನೇ ಕೊಡಬೇಕು. ಕೊಡುವ ಮೊದಲು ಅಲ್ಲಿ ಮೂರು ದಿನ ತಾವೇ ಬದುಕಿ ನೋಡಬೇಕು.